ಬ್ಯಾಟರಿ ಕೂತಾಗ ಬೋಟಿನ ಮೋಟಾರ್ ಶುರು ಮಾಡುವುದು ಹೇಗೆ? ಆಲಮಟ್ಟಿ ಹಿನ್ನೀರಿನಿಂದ ಒಂದು ಪ್ರಶ್ನೆ

ಹಿನ್ನೀರಿನ ದೋಣಿ (ಬೀಳಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಅನಗವಾಡಿ ಸೇತುವೆಯ ಆಸುಪಾಸಿನ ಹಿನ್ನೀರಿನಲ್ಲಿ ನಮ್ಮದೊಂದು ಫೈಬರ್ ದೋಣಿ ಇದೆ. ಬಲೆ ಬಿಡುವುದಕ್ಕೂ, ಆಚೆ ದಡದ ಹೊಲಗಳಿಗೆ ಗೊಬ್ಬರದ ಚೀಲ ಸಾಗಿಸುವುದಕ್ಕೂ ಅದೇ ಆಧಾರ. ಬಳಸಿದ ದೋಣಿಯನ್ನೇ ಕೊಂಡದ್ದರಿಂದ ವೈರಿಂಗ್ ಎಲ್ಲವೂ ಹಿಂದಿನ ಮಾಲೀಕರು ಮಾಡಿಸಿದ್ದೇ ಇದೆ. ಹಿಂದುಗಡೆ 25 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರ್ ಇದ್ದು, ಅದಕ್ಕೆ ಸೆಲ್ಫ್ ಕೂಡ ಇದೆ, ಎಳೆಯುವ ಹಗ್ಗವೂ ಇದೆ.

ಸಮಸ್ಯೆ ಇಷ್ಟು: ಬೆಳಗಿನ ಜಾವ ಕೀಲಿ ತಿರುಗಿಸಿದರೆ ಒಮ್ಮೊಮ್ಮೆ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬರುತ್ತದೆ, ಒಮ್ಮೊಮ್ಮೆ ಮೋಟಾರು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಒಂದೆರಡು ತಾಸು ಓಡಿಸಿದ ಮೇಲೆ ಅದೇ ಸೆಲ್ಫ್ ಒಂದೇ ಏಟಿಗೆ ಹಿಡಿಯುತ್ತದೆ. ದೋಣಿಯ ಮುಂಭಾಗದ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿಗಳಿವೆ. ಒಂದು ಟ್ರ್ಯಾಕ್ಟರಿಗೆ ಹಾಕುವಂಥ 12 ವೋಲ್ಟ್, 80 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಇನ್ನೊಂದು ಹಳೆಯ ಕಾರಿನದು, ರಾತ್ರಿ ದೀಪಕ್ಕೆಂದು ಇಟ್ಟದ್ದು. ಎರಡನ್ನೂ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದ್ದಾರೆ. ಹಗ್ಗ ಎಳೆದರೆ ಮೋಟಾರು ಶುರುವಾಗುತ್ತದೆ, ಆದರೆ ದೋಣಿ ನಡೆಸುವುದು ಹೆಚ್ಚಾಗಿ ನಮ್ಮ ತಂದೆಯವರು, ಅವರ ಭುಜಕ್ಕೆ ಅದು ಆಗುವುದಿಲ್ಲ. ಹೊಸ ಬ್ಯಾಟರಿಯನ್ನೇ ಹಾಕಿಬಿಡಬೇಕೋ ಅಥವಾ ಬೇರೆ ಏನಾದರೂ ನೋಡಬೇಕೋ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಕೊಲ್ಹಾರದ ಅಂಬಿಗ

ತಮ್ಮಾ, ಮೊದಲು ಒಂದು ಮಾತು ತಿಳಿದುಕೋ. ನಿನ್ನ ಮೋಟಾರಿಗೆ ಓಡಲು ಬ್ಯಾಟರಿಯೇ ಬೇಕಿಲ್ಲ. ಇಂಥ ಟೂ ಸ್ಟ್ರೋಕ್ ಮೋಟಾರುಗಳಲ್ಲಿ ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟು ಫ್ಲೈವೀಲಿನ (ಎಂಜಿನ್ನಿನ ಮೇಲೆ ತಿರುಗುವ ಭಾರದ ಚಕ್ರ) ಅಯಸ್ಕಾಂತದಿಂದಲೇ ಹುಟ್ಟುತ್ತದೆ. ಬ್ಯಾಟರಿ ಇರುವುದು ಸೆಲ್ಫ್ ತಿರುಗಿಸಲು ಮತ್ತು ದೀಪ ಹಚ್ಚಲು ಮಾತ್ರ. ಎರಡೂ ಬ್ಯಾಟರಿಗಳನ್ನು ದಡದಲ್ಲಿ ಬಿಟ್ಟು ಹೋದರೂ ಮೋಟಾರು ಓಡುತ್ತದೆ.

ಹಗ್ಗ ಎಳೆಯುವುದರಲ್ಲಿ ಬಲಕ್ಕಿಂತ ಕ್ರಮ ಮುಖ್ಯ. ಎಣ್ಣೆ (ಪೆಟ್ರೋಲ್) ಡಬ್ಬಿಯ ಮುಚ್ಚಳದ ಗಾಳಿ ತಿರುಪನ್ನು ಬಿಚ್ಚು. ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಸುಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಚೋಕ್ ಎಳೆದಿರಲಿ, ತುರ್ತಾಗಿ ಮೋಟಾರು ನಿಲ್ಲಿಸುವ ಕೆಂಪು ಹಗ್ಗದ ಕ್ಲಿಪ್ಪು ಅದರ ಜಾಗದಲ್ಲಿ ಕೂತಿರಲಿ. ಆ ಕ್ಲಿಪ್ಪು ಜಾರಿದ್ದು ಗೊತ್ತಾಗದೆ ಇಡೀ ಬೆಳಗ್ಗೆ ಹಗ್ಗ ಜಗ್ಗುವವರನ್ನು ಕಂಡಿದ್ದೇನೆ. ಇಷ್ಟಾದ ಮೇಲೆ ಹಿಡಿಕೆಯನ್ನು ಮೆಲ್ಲಗೆ ಎಳೆಯಬೇಕು. ಒಳಗೆ ಹಲ್ಲು ಹಿಡಿದು ಹಗ್ಗ ಬಿಗಿಯಾದದ್ದು ಕೈಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಒಂದೇ ಉಸಿರಿಗೆ ನೇರವಾಗಿ ಎಳೆಯಬೇಕು. ಮೊದಲಿನಿಂದಲೇ ಜೋರಾಗಿ ಜಗ್ಗುವುದರಿಂದಲೇ ಭುಜ ಹೋಗುತ್ತದೆ, ಹಗ್ಗವೂ ಹರಿಯುತ್ತದೆ. ಕಿಡಿ ಹೊಡೆದು ಕೆಮ್ಮಿದ ಕೂಡಲೇ ಚೋಕನ್ನು ಅರ್ಧಕ್ಕೆ ತಳ್ಳು, ಇಲ್ಲದಿದ್ದರೆ ಪ್ಲಗ್ಗು ಒದ್ದೆಯಾಗಿ ಮತ್ತೆ ಹಿಡಿಯುವುದಿಲ್ಲ.

ನನ್ನನ್ನು ಕೇಳಿದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಬದಲು ಹೊಸ ಹಗ್ಗ ಹಾಕಿಸು ಎನ್ನುತ್ತೇನೆ.

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

ಕಾಕಾ ಅವರು ಹೇಳಿದ ಕ್ರಮ ಸರಿಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸಾದವರು ನಡೆಸುವ ದೋಣಿಯಲ್ಲಿ ಸೆಲ್ಫ್ ಸರಿಯಿರಲೇಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಟ್ರ್ಯಾಕ್ಟರ್ ಮತ್ತು ಆಟೋಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ಇಂಥ ದೂರು ಬಂದಾಗ ಬ್ಯಾಟರಿಯ ಮೇಲೆ ತಪ್ಪು ಹೊರಿಸುವ ಮೊದಲು ಮೀಟರ್ ಹಿಡಿಯುವುದು ನನ್ನ ಪದ್ಧತಿ.

ನಿಂತ ಬ್ಯಾಟರಿಯ ವೋಲ್ಟೇಜು ಅರ್ಧ ಕತೆಯನ್ನಷ್ಟೇ ಹೇಳುತ್ತದೆ. ರಾತ್ರಿಯೆಲ್ಲ ಸುಮ್ಮನೆ ಬಿಟ್ಟು ಬೆಳಗ್ಗೆ ಅಳೆದಾಗ 12.6 ವೋಲ್ಟ್ ಇದ್ದರೆ ತುಂಬಿದೆ ಎಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿ ಎಂದೂ, 11.9ಕ್ಕೆ ಇಳಿದಿದ್ದರೆ ಪೂರ್ತಿ ಕೂತಿದೆ ಎಂದೂ ತಿಳಿಯಬಹುದು. ಉಳಿದರ್ಧ ತಿಳಿಯಬೇಕಾದರೆ ಸೆಲ್ಫ್ ಹೊಡೆಯುವ ಹೊತ್ತಿನಲ್ಲೇ ಅಳೆಯಬೇಕು. ತಾವು ದಯವಿಟ್ಟು ಹೀಗೆ ಮಾಡಿ. ಹಳೆಯ ಕಾರಿನ ಬ್ಯಾಟರಿಯನ್ನು ಮೊದಲು ಬಿಚ್ಚಿ ಬದಿಗಿಡಿ. ಸತ್ತ ಬ್ಯಾಟರಿಯನ್ನು ಜೀವಂತ ಬ್ಯಾಟರಿಗೆ ಕಟ್ಟಿದರೆ ರಾತ್ರಿಯಿಡೀ ಅದು ಇದನ್ನು ಹೀರುತ್ತದೆ. ಇನ್ನೊಬ್ಬರು ಕೀಲಿ ತಿರುಗಿಸಿ ಹಿಡಿದಿರುವಾಗ ನಾಲ್ಕು ಕಡೆ ಮೀಟರ್ ಹಿಡಿಯಿರಿ: ಬ್ಯಾಟರಿಯ ಎರಡು ಬುರುಡೆಗಳ (ಟರ್ಮಿನಲ್) ನಡುವೆ, ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಅದರ ಮೈಗೂ ನಡುವೆ, ಬ್ಯಾಟರಿಯ ಪ್ಲಸ್‌ಗೂ ಸೆಲ್ಫ್ ಬೋಲ್ಟಿಗೂ ನಡುವೆ, ಬ್ಯಾಟರಿಯ ಮೈನಸ್‌ಗೂ ಎಂಜಿನ್ನಿನ ಮೈಗೂ ನಡುವೆ. ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಸೆಲ್ಫ್ ಮೋಟಾರು ಬಿಸಿಯಾದರೆ ಒಳಗಿನ ಸುರುಳಿ ಸುಡುತ್ತದೆ. ಮೋಟಾರು ಶುರುವಾಗಿಬಿಡದಂತೆ ಕೆಂಪು ಹಗ್ಗದ ಕ್ಲಿಪ್ಪನ್ನು ತೆಗೆದಿಟ್ಟು ಈ ಪರೀಕ್ಷೆ ಮಾಡಿ. ಕೆಲವು ಮಾದರಿಗಳಲ್ಲಿ ಕ್ಲಿಪ್ಪು ತೆಗೆದರೆ ಸೆಲ್ಫ್ ಕೂಡ ತಿರುಗುವುದಿಲ್ಲ. ಹಾಗಾದರೆ ಎಣ್ಣೆ ಪೈಪು ಬಿಚ್ಚಿ, ಮೋಟಾರಿನ ಕೆಳಭಾಗ ನೀರಿನಲ್ಲಿ ಮುಳುಗಿರುವಾಗಲೇ ಹೊಡೆಯಿರಿ.

ಹಿನ್ನೀರಿನ ದೋಣಿ

ಪಾನಾ ಪಕ್ಕಡ ಅವರಿಗೆ ಧನ್ಯವಾದಗಳು. ತಾವು ಹೇಳಿದಂತೆ ಹಳೆಯ ಬ್ಯಾಟರಿಯನ್ನು ಬಿಚ್ಚಿ ಅಳೆದೆವು. ಬೆಳಗ್ಗೆ ನಿಂತ ವೋಲ್ಟೇಜು 12.3. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಬುರುಡೆಗಳ ನಡುವೆ 10.4, ಆದರೆ ಸೆಲ್ಫ್ ಮೋಟಾರಿನ ಬಳಿ 8.1 ಮಾತ್ರ. ಪ್ಲಸ್ ಕಡೆ ನಡುವಿನಲ್ಲಿ 0.8, ಮೈನಸ್ ಕಡೆ 1.5. ಮೋಟಾರು ತಿರುಗಿತು, ಆದರೆ ಬಹಳ ನಿಧಾನವಾಗಿ.

ಕೇಬಲ್ಲುಗಳನ್ನೂ ನೋಡಿದೆ. ಮೋಟಾರಿನ ಜೊತೆ ಬಂದ ಕೇಬಲ್ಲು ಗಿಡ್ಡವಾಗಿದ್ದರಿಂದ ಬ್ಯಾಟರಿ ಮುಂದಕ್ಕೆ ಹೋದಾಗ ಎರಡಕ್ಕೂ ಸುಮಾರು ನಾಲ್ಕು ಮೀಟರ್ ಬೇರೆ ವೈರು ಸೇರಿಸಿದ್ದಾರೆ. ಪ್ಲಸ್‌ಗೆ ವೆಲ್ಡಿಂಗ್ ಕೇಬಲ್ಲಿನಂಥದ್ದು, ಮೈಮೇಲೆ 16 ಚದರ ಮಿ.ಮೀ. ಎಂದು ಬರೆದಿದೆ. ಮೈನಸ್‌ಗೆ ಮಾತ್ರ ಮನೆಯ ವೈರಿಂಗಿಗೆ ಬಳಸುವ 6 ಚದರ ಮಿ.ಮೀ. ತಂತಿ. ಅದನ್ನು ಹೊಸೆದು ಮೇಲೆ ಕಪ್ಪು ಟೇಪು ಸುತ್ತಿದ್ದರು. ಟೇಪು ಬಿಚ್ಚಿದಾಗ ತಾಮ್ರದ ಎಳೆಗಳು ಕಪ್ಪಗಾಗಿ, ಅಲ್ಲಲ್ಲಿ ಹಸಿರು ಪುಡಿ ಕೂತಿತ್ತು. ಬೆರಳಿನಿಂದ ಉಜ್ಜಿದರೆ ಕೆಲವು ಎಳೆಗಳು ಮುರಿದೇ ಬಂದವು.

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

ಸರ್, ತಾವು ತೆಗೆದ ಅಂಕಿಗಳೇ ಉತ್ತರ ಹೇಳುತ್ತಿವೆ. ಬ್ಯಾಟರಿ ಪೂರ್ತಿ ತುಂಬಿಲ್ಲ ಎಂಬುದು ನಿಜ, ಆದರೆ ಸೆಲ್ಫ್‌ನ ಭಾರ ಬಿದ್ದಾಗಲೂ ಅದು 10.4ರಲ್ಲಿ ನಿಂತಿದೆ. ಸಾಮಾನ್ಯವಾಗಿ 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡುತ್ತೇವೆ. ಬ್ಯಾಟರಿಯಿಂದ ಹೊರಟ 10.4ರಲ್ಲಿ 2.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಒಂದೊಂದು ಬದಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆಯಬಾರದು.

ಲೆಕ್ಕ ಹಾಕಿ ನೋಡೋಣ. 6 ಚದರ ಮಿ.ಮೀ. ತಾಮ್ರದ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 3 ಮಿಲಿ ಓಮ್. ನಾಲ್ಕು ಮೀಟರಿಗೆ 12 ಆಯಿತು. ಸೆಲ್ಫ್ ಸುಮಾರು 100 ಆಂಪಿಯರ್ ಎಳೆಯುತ್ತದೆ ಎಂದು ಹಿಡಿದರೆ ಆ ತಂತಿಯೊಂದರಲ್ಲೇ 1.2 ವೋಲ್ಟ್ ಹೋಗುತ್ತದೆ, ಉಳಿದ 0.3 ಆ ಹಸಿರು ಹಿಡಿದ ಗಂಟಿನದು. 16 ಚದರ ಮಿ.ಮೀ. ತಂತಿಯಲ್ಲಿ ಅದೇ ದೂರಕ್ಕೆ ಅರ್ಧ ವೋಲ್ಟಿನ ಹತ್ತಿರ ಹೋಗುತ್ತದೆ. ಪ್ಲಸ್ ಕಡೆಯ 0.8ರಲ್ಲಿ ಮಿಕ್ಕದ್ದು ಸೊಲೆನಾಯ್ಡಿನ (ಕೀಲಿ ತಿರುಗಿಸಿದಾಗ ಸೆಲ್ಫ್‌ಗೆ ಕರೆಂಟು ಹಾಯಿಸುವ ಸ್ವಿಚ್ಚು) ಒಳಗಿನ ತಾಮ್ರದ ಬಿಲ್ಲೆಗಳಿಗೂ ಜೋಡಣೆಗಳಿಗೂ ಸೇರಬೇಕು. ಮೈನಸ್ ತಾನೇ, ಯಾವುದಾದರೂ ನಡೆಯುತ್ತದೆ ಎಂದು ತೆಳ್ಳಗಿನ ತಂತಿ ಹಾಕುವ ರೂಢಿ ನಮ್ಮ ಕಡೆ ಬಹಳ ಇದೆ. ಪ್ಲಸ್‌ನಲ್ಲಿ ಹೋದಷ್ಟೇ ಕರೆಂಟು ಮೈನಸ್‌ನಲ್ಲಿ ಮರಳಿ ಬರಬೇಕೆಂಬುದನ್ನು ಯಾರೂ ಯೋಚಿಸುವುದಿಲ್ಲ.

ಟಿಕ್ ಟಿಕ್ ಸದ್ದಿಗೂ ಇದೇ ಕಾರಣ. ಸೊಲೆನಾಯ್ಡ್ ಹಿಡಿದ ಕ್ಷಣ ಭಾರ ಬಿದ್ದು ವೋಲ್ಟೇಜು ಕುಸಿಯುತ್ತದೆ, ಕುಸಿದಾಗ ಸೊಲೆನಾಯ್ಡ್ ಬಿಡುತ್ತದೆ, ಬಿಟ್ಟಾಗ ವೋಲ್ಟೇಜು ಮೇಲೇಳುತ್ತದೆ, ಮತ್ತೆ ಹಿಡಿಯುತ್ತದೆ. ಹೀಗೆ ಪಟಪಟ ಬಡಿದುಕೊಂಡರೆ ಕರೆಂಟು ಸಾಲದು ಎಂದರ್ಥ. ಒಂದೇ ಒಂದು ಸಲ ಟಕ್ ಎಂದು ಸುಮ್ಮನಾದರೆ ಸೊಲೆನಾಯ್ಡಿನ ಬಿಲ್ಲೆಗಳೋ ಸೆಲ್ಫ್‌ನ ಕಾರ್ಬನ್ ಬ್ರಷ್ಷೋ ಕೆಟ್ಟಿರಬಹುದು. ಸೆಲ್ಫ್ ಮೋಟಾರು ಗಿರ್ರೆಂದು ತಿರುಗಿಯೂ ಫ್ಲೈವೀಲು ಅಲುಗದಿದ್ದರೆ ಅದರ ಹಲ್ಲಿನ ಗಾಲಿ ಮೇಲಕ್ಕೆ ಹಾರುತ್ತಿಲ್ಲ. ಆ ದಂಡದ ಮೇಲೆ ದಪ್ಪ ಗ್ರೀಸು ಬಳಿದವರು ಯಾರೋ ಇರುತ್ತಾರೆ. ಅದನ್ನು ಒರೆಸಿ ತೆಳುವಾದ ಎಣ್ಣೆ ಹಚ್ಚಿದರೆ ಸಾಕು.

ಈಗ ಮಾಡಬೇಕಾದದ್ದು: ಸಾಧ್ಯವಾದರೆ ಸೆಲ್ಫ್‌ನ ಬ್ಯಾಟರಿಯನ್ನು ಹಿಂದಕ್ಕೆ, ಮೋಟಾರಿನ ಹತ್ತಿರಕ್ಕೆ ತನ್ನಿ, ಮೂಲ ಕೇಬಲ್ಲೇ ಸಾಕಾಗುತ್ತದೆ. ತೂಕದ ಸಮತೋಲಕ್ಕಾಗಿ ಮುಂದೆಯೇ ಇರಬೇಕು ಎಂದಾದರೆ ಎರಡೂ ಕಡೆ 35 ಚದರ ಮಿ.ಮೀ. ಕೇಬಲ್ಲು ಹಾಕಿ. ಹೋಗಿ ಬರುವ ಎಂಟು ಮೀಟರಿಗೂ ಸೇರಿ ಅರ್ಧ ವೋಲ್ಟಿನೊಳಗೆ ಮುಗಿಯುತ್ತದೆ. ತುದಿಗಳಿಗೆ ತಾಮ್ರದ ಲಗ್ಗು (ಬೋಲ್ಟಿಗೆ ಕೂರುವ ತೂತಿನ ತುದಿ) ಒತ್ತಿಸಿ, ಹೊಸೆದು ಟೇಪು ಸುತ್ತುವುದು ಬೇಡ. ಬುರುಡೆಗಳ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಬಳಿಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಬೂಚುಗಳು ಬಿಗಿಯಾಗಿರಲಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ (ವಿಜಯಪುರ)

ಚರ್ಚೆ ಉಪಯುಕ್ತವಾಗಿ ಸಾಗಿದೆ. ಬ್ಯಾಟರಿ 12.3ಕ್ಕೆ ಏಕೆ ನಿಂತಿತು ಎಂಬ ಬಗ್ಗೆ ಎರಡು ಮಾತು ಸೇರಿಸಲು ಇಚ್ಛಿಸುತ್ತೇನೆ.

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಕೆಲಸ ಮಾಡದೆ ನಿಂತಿದ್ದರೂ ತನ್ನಷ್ಟಕ್ಕೆ ತಾನು ಇಳಿಯುತ್ತಿರುತ್ತದೆ, ಮತ್ತು ಉಷ್ಣತೆ 10 ಡಿಗ್ರಿ ಹೆಚ್ಚಿದಂತೆಲ್ಲ ಈ ಇಳಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ, ಮುಚ್ಚಿದ ಫೈಬರ್ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚಿರುತ್ತದೆ. ಇಳಿದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಅವು ಕರಗುವುದಿಲ್ಲ. ದೋಣಿಯನ್ನು ದಡಕ್ಕೇರಿಸಿದಾಗ ಬ್ಯಾಟರಿಯನ್ನು ಬಿಚ್ಚಿ ಮನೆಗೆ ತಂದು, ಪೂರ್ತಿ ತುಂಬಿಸಿ, ತಂಪಾದ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು.

ನೀರಿನ ವಿಷಯ. ಬ್ಯಾಟರಿ ಕೂತಿತೆಂದು ಅಂಗಡಿಯಲ್ಲಿ ಆಸಿಡ್ ಹಾಕಿಸಿಕೊಂಡು ಬರುವವರಿದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಆಮ್ಲ ಒಳಗೇ ಉಳಿದಿರುತ್ತದೆ. ಮೇಲೆ ಮತ್ತೆ ಆಮ್ಲ ಸುರಿದರೆ ಹೈಡ್ರೋಮೀಟರಿನ (ಆಮ್ಲದ ಗಾಢತೆ ಅಳೆಯುವ ಸಾಧನ) ಅಳತೆ ಮೇಲೇರಿ ಕಣ್ಣಿಗೆ ಸಮಾಧಾನವಾಗಬಹುದು, ಫಲಕಗಳು ಮಾತ್ರ ಬೇಗ ತಿಂದುಹೋಗುತ್ತವೆ. ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ನಮ್ಮ ಬೋರ್‌ವೆಲ್ಲುಗಳ ನೀರಿನ ಗಡಸುತನ ಎಲ್ಲರ ಮನೆಯ ಪಾತ್ರೆಗಳಲ್ಲೂ ಕಾಣುತ್ತದೆ. ಆ ಲವಣಗಳು ಬ್ಯಾಟರಿಯೊಳಗೆ ಹೋದರೆ ಹೊರಗೆ ಬರುವ ದಾರಿಯಿಲ್ಲ. ಆರ್‌ಓ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ.

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ತಲುಪಿದರೆ ಒಂದು ಕಿಡಿ ಸಾಕು. ಮುಚ್ಚಿದ ಪೆಟ್ಟಿಗೆಯಲ್ಲಿ ಬ್ಯಾಟರಿಯ ಪಕ್ಕದಲ್ಲೇ ಪೆಟ್ರೋಲ್ ಡಬ್ಬಿ ಇಡುವವರು ದಯವಿಟ್ಟು ಇಂದೇ ಅದನ್ನು ಬೇರೆ ಕಡೆ ಇಡಿ.

ಕೃಷ್ಣಾ ದಂಡೆ (ಚಿಕ್ಕೋಡಿ)

ನಮ್ಮೂರಿನಲ್ಲಿ 2019ರ ಆಗಸ್ಟಿನ ನೆರೆಯ ನಂತರ ಊರವರು ಸೇರಿ ಒಂದು ಮೋಟಾರು ದೋಣಿ ಇಟ್ಟುಕೊಂಡಿದ್ದೇವೆ. ವರ್ಷದಲ್ಲಿ ಹೆಚ್ಚು ಕಾಲ ಅದು ನಿಂತೇ ಇರುತ್ತದೆ, ಬೇಕಾದಾಗ ಬ್ಯಾಟರಿ ಇಳಿದಿರುತ್ತದೆ. ದಡದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಅದರ ಬ್ಯಾಟರಿಯಿಂದ ಶುರು ಮಾಡಿದರೆ ಮೋಟಾರಿಗೆ ಏನಾದರೂ ತೊಂದರೆಯಾಗುತ್ತದೆಯೇ?

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

12 ವೋಲ್ಟಿನ ಟ್ರ್ಯಾಕ್ಟರಾದರೆ ತೊಂದರೆಯಿಲ್ಲ. ಲಾರಿಯಿಂದ ಮಾತ್ರ ಬೇಡ, ಹಲವು ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಕಟ್ಟಿ 24 ವೋಲ್ಟ್ ಮಾಡಿರುತ್ತಾರೆ.

ಟ್ರ್ಯಾಕ್ಟರಿನ ಎಂಜಿನ್ ಬಂದ್ ಇರಲಿ. ಕೆಂಪು ಕೇಬಲ್ಲನ್ನು ಮೊದಲು ದೋಣಿಯ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್‌ಗೆ ಹಾಕಿ. ಕಪ್ಪು ಕೇಬಲ್ಲನ್ನು ಟ್ರ್ಯಾಕ್ಟರ್ ಬ್ಯಾಟರಿಯ ಮೈನಸ್‌ಗೆ ಹಾಕಿ, ಕೊನೆಯ ತುದಿಯನ್ನು ದೋಣಿಯ ಬ್ಯಾಟರಿಗೆ ತಾಗಿಸದೆ ಮೋಟಾರಿನ ಮೈಮೇಲಿನ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದು ಉಪನ್ಯಾಸಕ ಸರ್ ಹೇಳಿದ ಜಲಜನಕದಿಂದ ದೂರವಿರಲಿ ಎಂದು ಈ ಕ್ರಮ. ಜೋಡಿಸಿದ ಮೇಲೆ ನಾಲ್ಕೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಶುರುವಾದ ನಂತರ ಹಾಕಿದ್ದಕ್ಕೆ ತಿರುವುಮುರುವಾಗಿ ಬಿಚ್ಚುತ್ತ ಬನ್ನಿ.

ಎರಡು ಎಚ್ಚರಿಕೆ. ಪ್ಲಸ್ ಮೈನಸ್ ಒಂದು ಕ್ಷಣ ಅದಲುಬದಲಾದರೂ ಮೋಟಾರಿನ ರೆಕ್ಟಿಫೈಯರ್ (ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಸುಟ್ಟುಹೋಗುತ್ತದೆ. ಇನ್ನೊಂದು, ಟ್ರ್ಯಾಕ್ಟರ್ ಬ್ಯಾಟರಿಯನ್ನು ಬಿಚ್ಚಿ ದೋಣಿಗೆ ಕೂರಿಸಿ, ಶುರುವಾದ ಮೇಲೆ ಮೋಟಾರು ಓಡುತ್ತಿರುವಾಗಲೇ ಅದನ್ನು ಕಿತ್ತು ದಡಕ್ಕೆ ಕೊಡುವ ಪದ್ಧತಿ ಕೆಲವರಲ್ಲಿದೆ. ಸೆಲ್ಫ್ ಇರುವ ಮೋಟಾರಿನಲ್ಲಿ ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜು ಒಮ್ಮೆಲೇ ಏರಿ ಅದೇ ರೆಕ್ಟಿಫೈಯರ್ ಹೋಗುವ ಸಂಭವವಿದೆ. ಬ್ಯಾಟರಿ ಇಲ್ಲದೆ ಹಗ್ಗದಿಂದಲೇ ಓಡಿಸುವುದಾದರೆ ಬಿಚ್ಚಿದ ತಂತಿಗಳಿಗೆ ಏನು ಮಾಡಬೇಕೆಂದು ಮೋಟಾರಿನ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಒಮ್ಮೆ ನೋಡಿಕೊಳ್ಳಿ. ಕಾಕಾ ಅವರು ಬ್ಯಾಟರಿ ದಡದಲ್ಲಿ ಬಿಡಿ ಎಂದದ್ದಕ್ಕೆ ಇದನ್ನು ಸೇರಿಸಿ ಓದಿಕೊಳ್ಳಬೇಕಾಗಿ ವಿನಂತಿ.

ಕೊಲ್ಹಾರದ ಅಂಬಿಗ

ಒಪ್ಪಿದೆ. ನನ್ನ ಮೋಟಾರಿಗೆ ಸೆಲ್ಫ್ ಇಲ್ಲ, ಆದ್ದರಿಂದ ಆ ತಾಪತ್ರಯ ನನಗೆ ಬಂದಿಲ್ಲ.

ರೇಣುಕಾಸಾಗರ (ಸವದತ್ತಿ)

ನಮ್ಮಲ್ಲಿರುವುದು 40 ಎಚ್‌ಪಿಯ ಫೋರ್ ಸ್ಟ್ರೋಕ್, ಇಂಜೆಕ್ಷನ್ ಇರುವ ಮೋಟಾರು. ನವಿಲುತೀರ್ಥದ ಹಿನ್ನೀರಿನಲ್ಲಿ ಒಮ್ಮೆ ಬ್ಯಾಟರಿ ಪೂರ್ತಿ ಸತ್ತಾಗ ಹಗ್ಗ ಸುತ್ತಿ ಎಷ್ಟು ಎಳೆದರೂ ಹಿಡಿಯಲಿಲ್ಲ. ಬೇರೆ ದಿನ ಬ್ಯಾಟರಿ ಅರೆಬರೆ ಇದ್ದಾಗ ಸೆಲ್ಫ್ ತಿರುಗಲಿಲ್ಲ, ಹಗ್ಗಕ್ಕೆ ಮಾತ್ರ ಕೂಡಲೇ ಹಿಡಿಯಿತು. ಇದು ಹೇಗೆ?

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

ಎರಡೂ ನಡೆದದ್ದು ಸಹಜವೇ ಆಗಿದೆ. ಇಂಜೆಕ್ಷನ್ ಇರುವ ಹಲವು ಮೋಟಾರುಗಳಲ್ಲಿ ಎಣ್ಣೆ ತಳ್ಳುವ ಪಂಪಿಗೂ ಲೆಕ್ಕ ಹಾಕುವ ಕಂಪ್ಯೂಟರಿಗೂ ಬ್ಯಾಟರಿಯಿಂದಲೇ ಕರೆಂಟು ಬೇಕು. ಬ್ಯಾಟರಿ ಸತ್ತರೆ ಫ್ಲೈವೀಲು ಎಷ್ಟು ತಿರುಗಿದರೂ ಪೆಟ್ರೋಲು ಬರುವುದಿಲ್ಲ. ಬ್ಯಾಟರಿ ಇಲ್ಲದೆಯೂ ಇಂಜೆಕ್ಷನ್ ನಡೆಯುವ ಚಿಕ್ಕ ಮೋಟಾರುಗಳು ಬಂದಿವೆ, ನಿಮ್ಮದು ಆ ಜಾತಿಯದಲ್ಲ ಎಂದು ತೋರುತ್ತದೆ. ಅರೆ ಇಳಿದ ಬ್ಯಾಟರಿಯಲ್ಲಿ ನೂರಾರು ಆಂಪಿಯರ್ ಕೊಡುವ ತಾಕತ್ತು ಇರುವುದಿಲ್ಲ, ಕೆಲವೇ ಆಂಪಿಯರ್ ಕೊಡುವಷ್ಟು ಇರುತ್ತದೆ. ಸೆಲ್ಫ್ ಹೊಡೆದರೆ ವೋಲ್ಟೇಜು ಕುಸಿದು ಕಂಪ್ಯೂಟರೂ ಪಂಪೂ ನಿಲ್ಲುತ್ತವೆ. ತಿರುಗಿಸುವ ಕೆಲಸವನ್ನು ಕೈ ವಹಿಸಿಕೊಂಡಾಗ ಅದೇ ಬ್ಯಾಟರಿ 12ರ ಹತ್ತಿರ ನಿಂತು ಆ ಎರಡಕ್ಕೆ ಸಾಕಾಗುತ್ತದೆ.

ಆದ್ದರಿಂದ ನಿಮ್ಮಂಥ ಮೋಟಾರಿನಲ್ಲಿ ಸೆಲ್ಫ್ ಸೋತಿತೆಂದು ಕಂಡ ಕೂಡಲೇ ಕೀಲಿ ತಿರುಗಿಸುವುದನ್ನು ನಿಲ್ಲಿಸಬೇಕು. ಒಂದೊಂದು ಪ್ರಯತ್ನವೂ ಉಳಿದಿದ್ದನ್ನು ತಿಂದುಹಾಕುತ್ತದೆ. ದೀಪ, ಮೀನು ನೋಡುವ ಯಂತ್ರ, ನೀರೆತ್ತುವ ಪಂಪು, ಮೊಬೈಲ್ ಚಾರ್ಜರ್ ಎಲ್ಲವನ್ನೂ ಬಂದ್ ಮಾಡಿ. ಮೋಟಾರನ್ನು ಎತ್ತಿ ಇಳಿಸುವ ಕರೆಂಟಿನ ವ್ಯವಸ್ಥೆಯಿದ್ದರೆ ಅದನ್ನು ಮುಟ್ಟಲೇಬೇಡಿ, ಅದೂ ಸೆಲ್ಫ್‌ನಂತೆಯೇ ಕರೆಂಟು ಕುಡಿಯುತ್ತದೆ. ಕೈಯಿಂದ ಇಳಿಸಲು ಬದಿಯಲ್ಲೊಂದು ತಿರುಪು ಇರುತ್ತದೆ. ಕೀಲಿಯನ್ನು ಆನ್ ಮಾಡಿ, ಪಂಪಿನ ಸಣ್ಣ ಗುಂಯ್ ಸದ್ದು ನಿಂತ ಮೇಲೆ ಹಗ್ಗ ಎಳೆಯಿರಿ.

ಕೊಲ್ಹಾರದ ಅಂಬಿಗ

ಹಗ್ಗ ಸುತ್ತುವ ಮಾತು ಬಂದದ್ದರಿಂದ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಕೈ ಮುರಿದುಕೊಂಡವರಿದ್ದಾರೆ. ಎಳೆಯುವ ಹಗ್ಗವೇ ಹರಿದಾಗ, ಅಥವಾ ಸೆಲ್ಫ್ ಮಾತ್ರ ಇರುವ ಮೋಟಾರಿನಲ್ಲಿ, ಮೇಲಿನ ಮುಚ್ಚಳ ತೆಗೆದು ಫ್ಲೈವೀಲಿಗೇ ಹಗ್ಗ ಸುತ್ತಬೇಕಾಗುತ್ತದೆ. ಹಗ್ಗದ ಸುರುಳಿಯಿರುವ ತಟ್ಟೆಯನ್ನು ಬಿಚ್ಚಲು ಸಾಮಾನ್ಯವಾಗಿ 10 ನಂಬರಿನ ಪಾನಾ ಸಾಕು. ಫ್ಲೈವೀಲಿನ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಹಗ್ಗದ ತುದಿಯ ಗಂಟನ್ನು ಅದರಲ್ಲಿ ಕೂರಿಸಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಹಲವು ಸುತ್ತು ಸುತ್ತಿ, ಇನ್ನೊಂದು ತುದಿಗೆ ಹಿಡಿಕೆ ಕಟ್ಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ. ಎಂಜಿನ್ ಹಿಮ್ಮೊಗವಾಗಿ ಒದ್ದರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಹೀಗೆ ಶುರು ಮಾಡುವಾಗ ಗೇರಿನಲ್ಲಿದ್ದರೆ ತಡೆಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ, ಆದ್ದರಿಂದ ನ್ಯೂಟ್ರಲ್ ಇದೆಯೆಂದು ಕಣ್ಣಾರೆ ನೋಡಬೇಕು. ಗೇರಿನಲ್ಲಿದ್ದು ಹಿಡಿದುಬಿಟ್ಟರೆ ನಿಂತವನು ನೀರಿಗೆ, ದೋಣಿ ತನ್ನ ದಾರಿಗೆ. ಹೆಗಲ ಮೇಲಿನ ಟವೆಲ್ಲು ತೆಗೆದಿಡು, ಲುಂಗಿ ಎತ್ತಿ ಕಟ್ಟು, ಹಿಂದೆ ಯಾರೂ ನಿಂತಿರಬಾರದು. ಶುರುವಾದ ಮೇಲೆ ತಟ್ಟೆಯನ್ನೂ ಮುಚ್ಚಳವನ್ನೂ ಹಾಕಲು ಹೋಗದೆ, ಪ್ಲಗ್ಗಿನ ವೈರುಗಳನ್ನು ಮುಟ್ಟದೆ, ಮೆಲ್ಲಗೆ ದಡ ಸೇರು.

ಇದೆಲ್ಲಕ್ಕೂ ಮೊದಲು ಲಂಗರು ಹಾಕು. ಗಾಳಿ ಬಿಟ್ಟಾಗ ನಮ್ಮ ಹಿನ್ನೀರಿನಲ್ಲಿ ದೋಣಿ ಎಷ್ಟು ಬೇಗ ಸರಿಯುತ್ತದೆಂದು ಮುಚ್ಚಳ ಬಿಚ್ಚುತ್ತ ಬಗ್ಗಿದವನಿಗೆ ತಿಳಿಯುವುದಿಲ್ಲ. ತಲೆಯೆತ್ತುವಷ್ಟರಲ್ಲಿ ಮುಳುಗಿದ ಜಾಲಿಗಿಡದ ಬೊಡ್ಡೆಯ ಮೇಲೆ ಹೋಗಿ ಕೂತಿರುತ್ತದೆ. ಎರಡು ಹುಟ್ಟು, ಒಂದು ಉದ್ದ ಗಳ, ಎಲ್ಲರ ಮೈಮೇಲೂ ಲೈಫ್ ಜಾಕೆಟ್, ಇವು ಇರಲೇಬೇಕು.

ಹಿನ್ನೀರಿನ ದೋಣಿ

ಬ್ಯಾಟರಿಯನ್ನು ಹಿಂದಕ್ಕೆ ತಂದು ಮೂಲ ಕೇಬಲ್ಲಿಗೇ ಜೋಡಿಸಿದೆವು, ತೂಕಕ್ಕಾಗಿ ಪೆಟ್ರೋಲ್ ಡಬ್ಬಿ ಮುಂದಕ್ಕೆ ಹೋಯಿತು. ಸೆಲ್ಫ್ ಹೊಡೆಯುವಾಗ ಮೋಟಾರಿನ ಬಳಿ ಈಗ 9.9 ತೋರಿಸುತ್ತದೆ, ತಂದೆಯವರು ಕೀಲಿ ತಿರುಗಿಸಿದ ಕೂಡಲೇ ಹಿಡಿಯುತ್ತದೆ. ಆದರೆ ಬೆಳಗಿನ ನಿಂತ ವೋಲ್ಟೇಜು ಮಾತ್ರ ಈಗಲೂ 12.3, 12.4ರ ಮೇಲೆ ಏರುತ್ತಿಲ್ಲ. ರಾತ್ರಿ ಬಲೆಯ ಹತ್ತಿರ 10 ವಾಟಿನ ಎರಡು ಎಲ್‌ಇಡಿ ದೀಪಗಳು ಉರಿಯುತ್ತವೆ. ಸೆಲ್ಫ್ ಹೊಡೆದು ಹೊಡೆದೇ ಇಳಿಯುತ್ತಿದೆಯೇ?

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

ಸೆಲ್ಫ್ ಅಲ್ಲ, ದೀಪ. 100 ಆಂಪಿಯರಿನಂತೆ ಐದು ಸೆಕೆಂಡು ಸೆಲ್ಫ್ ಹೊಡೆದರೆ ಖರ್ಚಾಗುವುದು 0.14 ಎಎಚ್ ಮಾತ್ರ. ಮೋಟಾರಿನ ಚಾರ್ಜಿಂಗ್ ಕಾಯಿಲ್ 6 ಆಂಪಿಯರ್ ಕೊಡುವಂಥದ್ದಾದರೆ ಎರಡು ನಿಮಿಷದಲ್ಲಿ ಅದು ತುಂಬುತ್ತದೆ. ಎರಡು ದೀಪಗಳು ಸೇರಿ 20 ವಾಟ್, ಅಂದರೆ ತಾಸಿಗೆ 1.7 ಎಎಚ್, ಎಂಟು ತಾಸು ಉರಿದರೆ 13 ಎಎಚ್ ಮೀರುತ್ತದೆ. ಅಷ್ಟನ್ನು ತುಂಬಲು ಮೋಟಾರು ಒಳ್ಳೆಯ ವೇಗದಲ್ಲಿ ಎರಡೂವರೆ ತಾಸಾದರೂ ಓಡಬೇಕು, ನಿಧಾನ ಓಡಿಸಿದರೆ ಕಾಯಿಲ್ ಅಷ್ಟು ಕೊಡುವುದೂ ಇಲ್ಲ. ಬಲೆ ಬಿಟ್ಟು ದಡಕ್ಕೆ ಬರುವ ದೋಣಿ ಅಷ್ಟು ಹೊತ್ತು ಓಡುವುದಿಲ್ಲವಲ್ಲ.

ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. ಅರ್ಧ ಥ್ರಾಟಲ್‌ನಲ್ಲಿ 13.5ರ ಮೇಲೆ ಬಂದರೆ ಚಾರ್ಜಿಂಗ್ ಸರಿಯಿದೆ. ನಿಂತ ವೋಲ್ಟೇಜೇ ತೋರುತ್ತಿದ್ದರೆ ರೆಕ್ಟಿಫೈಯರ್ ಪರೀಕ್ಷಿಸಬೇಕು. ಇಲ್ಲಿ ಓದುತ್ತಿರುವ ಇತರರಿಗೂ ಒಂದು ಮಾತು: ಹಗ್ಗ ಮಾತ್ರ ಇರುವ ಕೆಲವು ಮೋಟಾರುಗಳಿಂದ ದೀಪಕ್ಕೆಂದು ಒಂದು ವೈರು ಹೊರಗೆ ಬಂದಿರುತ್ತದೆ. ಅದರಲ್ಲಿ ಬರುವುದು ಎಸಿ. ರೆಕ್ಟಿಫೈಯರ್ ಇಲ್ಲದೆ ಅದನ್ನು ಬ್ಯಾಟರಿಗೆ ಕೊಟ್ಟರೆ ಚಾರ್ಜ್ ಆಗುವುದಿಲ್ಲ.

ತಮ್ಮ ಹಳೆಯ ಕಾರಿನ ಬ್ಯಾಟರಿಯನ್ನು ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ 12.4ಕ್ಕಿಂತ ಮೇಲಿದ್ದರೆ ಅದನ್ನು ದೀಪಕ್ಕೆ ಮಾತ್ರ ಇಟ್ಟು, ಸೆಲ್ಫ್‌ನ ಬ್ಯಾಟರಿಗೂ ಅದಕ್ಕೂ ಯಾವ ತಂತಿಯ ಸಂಬಂಧವೂ ಇಲ್ಲದಂತೆ ಮಾಡಿ. ಇಲ್ಲದಿದ್ದರೆ ಗುಜರಿಗೆ ಕೊಟ್ಟು, ಸೀಸದ ಬೆಲೆ ಕಳೆದು, ದೀಪಕ್ಕೆ ಬೇರೊಂದು ಚಿಕ್ಕದನ್ನು ತನ್ನಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ (ವಿಜಯಪುರ)

ದೀಪದ ಬ್ಯಾಟರಿಗೆ ಸೂರ್ಯನನ್ನೇ ಆಶ್ರಯಿಸಬಹುದಲ್ಲವೇ? ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. 40 ವಾಟಿನ ಒಂದು ಫಲಕ ಒಳ್ಳೆಯ ಬಿಸಿಲಿನಲ್ಲಿ 2 ಆಂಪಿಯರಿಗೂ ಮೇಲೆ ಕೊಡುತ್ತದೆ. ಐದು ತಾಸಿನ ಬಿಸಿಲು ಹಿಡಿದರೂ 10 ಎಎಚ್ ಸೇರುತ್ತದೆ.

ಪಾನಾ ಪಕ್ಕಡ (ನವನಗರ, ಬಾಗಲಕೋಟೆ)

ಖಂಡಿತ ಆಗುತ್ತದೆ ಸರ್. 13 ಎಎಚ್ ಪೂರ್ತಿ ಮರಳಬೇಕಾದರೆ 60 ವಾಟಿನ ಫಲಕ ಹಾಕುವುದು ಒಳ್ಳೆಯದು, ಮೋಡದ ದಿನಗಳೂ ಇರುತ್ತವೆ. ನಡುವೆ, ಬ್ಯಾಟರಿ ಮಿತಿಮೀರಿ ಚಾರ್ಜಾಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಮೊದಲು ಅದಕ್ಕೆ ಬ್ಯಾಟರಿಯ ತಂತಿಗಳನ್ನು ಜೋಡಿಸಿ, ಆಮೇಲೆ ಫಲಕದ್ದನ್ನು ಜೋಡಿಸಬೇಕು, ಬಿಚ್ಚುವಾಗ ಫಲಕದ್ದು ಮೊದಲು. ದೀಪಗಳ ತಂತಿಯನ್ನು ಕಂಟ್ರೋಲರಿನ ಲೋಡ್ ಕಡೆಗೆ ಕೊಟ್ಟರೆ ಬ್ಯಾಟರಿ ತೀರ ಇಳಿಯುವ ಮೊದಲೇ ಅದು ದೀಪ ಆರಿಸುತ್ತದೆ. ಬ್ಯಾಟರಿಯ ಪ್ಲಸ್ ಬುರುಡೆಯ ಪಕ್ಕದಲ್ಲೇ 10 ಆಂಪಿಯರಿನ ಫ್ಯೂಜ್ ಹಾಕಿಸಿ, ಕಂಟ್ರೋಲರನ್ನು ನೀರು ಸಿಡಿಯದ ಎತ್ತರಕ್ಕೆ, ಬ್ಯಾಟರಿಯ ಪೆಟ್ಟಿಗೆಯಿಂದ ಹೊರಗೆ ಕೂರಿಸಿ.